ಜಗ್ಗಣ್ಣನ ಹಗ್ಗದ ಗೀರು

ತನ್ನ ನೆರಳನ್ನೂ ಒಮ್ಮೆ ಜಗ್ಗಿ ನೋಡದೆ ಆತ ಬಿಸಿಲಿಗೆ ಇಳಿಯುವುದಿಲ್ಲ ಎಂದು ನಮ್ಮ ಕಂಪನಿಯ ಸಾಲುಮನೆಗಳಲ್ಲಿ ಹೇಳುತ್ತಿದ್ದರು. ಜಗ್ಗಿ ನೋಡುವ ಅಣ್ಣ, ಅದಕ್ಕೇ ಜಗ್ಗಣ್ಣ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಏನೋ ಇತ್ತು. ಅದು ಕಂಪನಿಯ ಕಚೇರಿಯಲ್ಲಿ ಬಿಟ್ಟರೆ ಬೇರೆ ಯಾರ ಬಾಯಿಗೂ ಬರುತ್ತಿರಲಿಲ್ಲ.

ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಗೇಟು ಹಾಕಿ ಚಿಲಕ ಜಗ್ಗುವನು. ನಾಲ್ಕು ಹೆಜ್ಜೆ ಹೋಗುವನು, ತಿರುಗಿ ಬಂದು ಮತ್ತೆ ಜಗ್ಗುವನು. ಕೂರುವ ಮೊದಲು ಕುರ್ಚಿಯ ಬೆನ್ನು, ಎತ್ತುವ ಮೊದಲು ಚೀಲದ ಹಿಡಿ, ಹತ್ತುವ ಮೊದಲು ಮೆಟ್ಟಿಲಿನ ಕಂಬಿ. ಬಚ್ಚಲಿಗೆ ಹೋದರೆ ಬಾಗಿಲು ಹಾಕಿ ತೆಗೆದು, ಹಾಕಿ ತೆಗೆದು, ಒಳಗಿನಿಂದ ತೆರೆಯುತ್ತದೆ ಎಂದು ಖಾತ್ರಿಯಾದ ಮೇಲೇ ನೀರಿಗೆ ಕೈ ಹಾಕುತ್ತಿದ್ದುದು. ಎದುರು ಮನೆಯ ಅಜ್ಜಿ ಹೊಸಬರಿಗೆಲ್ಲ ಎಚ್ಚರಿಕೆ ಕೊಡುತ್ತಿದ್ದಳು: "ಅವನು ಕೈ ಕುಲುಕೋಕೆ ಬಂದ್ರೆ ಹುಷಾರು ಕಣಪ್ಪ. ತೋಳು ಭುಜಕ್ಕೆ ಸರಿಯಾಗಿ ಕೂತಿದ್ಯೋ ಇಲ್ವೋ ಅಂತ ನೋಡಿಬಿಡ್ತಾನೆ."

ವಸ್ತುಗಳನ್ನು ಜಗ್ಗಿದರೆ ನಗಬಹುದಿತ್ತು. ಆತ ಮನುಷ್ಯರನ್ನೂ ಜಗ್ಗುತ್ತಿದ್ದ. ಒಂದೇ ಪ್ರಶ್ನೆಯನ್ನು ಇವತ್ತು ಕೇಳಿ, ನಾಳೆ ಮರೆತವನಂತೆ ಮತ್ತೆ ಕೇಳಿ, ವಾರ ಕಳೆದ ಮೇಲೆ ಮಾತಿನ ಮಧ್ಯೆ ತೂರಿಸಿ ಇನ್ನೊಮ್ಮೆ ಕೇಳುವನು. ಮೂರು ಸಲವೂ ಉತ್ತರ ಒಂದೇ ರೀತಿ ಬಂದರೆ ತಲೆಯಾಡಿಸುವನು. ಒಂದು ಪದ ಆಚೀಚೆಯಾದರೆ ಆತನ ಎಡಗಣ್ಣು ಸಣ್ಣಗಾಗುತ್ತಿತ್ತು. ಆ ಕಣ್ಣು ಸಣ್ಣಗಾದದ್ದನ್ನು ನೋಡಿದ ಹಾಲಿನವನು ನಮ್ಮ ಬೀದಿಯನ್ನೇ ಬಿಟ್ಟ.

ಇದೆಲ್ಲ ಹುಟ್ಟುಗುಣವೇನಲ್ಲ, ಮಾಡುತ್ತಿದ್ದ ಕೆಲಸ ಕಲಿಸಿದ್ದು. ಜಗ್ಗಣ್ಣ ಎಣ್ಣೆ ಬಾವಿಗಳ ಮೇಲೆ ವಿಂಚ್, ಅಂದರೆ ಕೇಬಲ್ಲು ಇಳಿಸಿ ಎತ್ತುವ ಯಂತ್ರ, ನಡೆಸುತ್ತಿದ್ದ. ಬಾವಿ ಎಂದರೆ ಕೊಡ ಇಳಿಸುವ ಬಾವಿಯಲ್ಲ. ತಟ್ಟೆಯಗಲದ ಬಾಯಿ, ಬೆಟ್ಟವನ್ನು ತಲೆಕೆಳಗಾಗಿ ಇಳಿಸಿದರೂ ತಳ ಮುಟ್ಟದಷ್ಟು ಆಳ, ಗೋಡೆ ಕುಸಿಯದಿರಲಿ ಎಂದು ಬಾಯಿತನಕ ತುಂಬಿಟ್ಟ ದಪ್ಪ ಕೆಸರು. ಅದರೊಳಗೆ ಉಕ್ಕಿನ ಕೇಬಲ್ಲಿನ ತುದಿಗೆ ಉದ್ದನೆಯ ಉಪಕರಣ ಕಟ್ಟಿ ಇಳಿಸಬೇಕು. ಅದು ಕಲ್ಲಿನ ಗುಣ ಅಳೆಯುತ್ತದೆ. ಕೆಲವೊಮ್ಮೆ ಗೋಡೆಗೆ ಬಾಯಿಟ್ಟು ಕಲ್ಲಿನೊಳಗಿನ ಎಣ್ಣೆಯನ್ನು ಒಂದು ಗುಟುಕು ಹೀರಿ ಮೇಲೆ ತರುತ್ತದೆ. ಹಾಗೆ ಹೀರುವಾಗ ಗಂಟೆಗಟ್ಟಲೆ ಒಂದೇ ಕಡೆ ನಿಲ್ಲಬೇಕು. ಅಪಾಯ ಇರುವುದು ಆ ನಿಲ್ಲುವುದರಲ್ಲೇ. ಒದ್ದೆ ಕಾಗದವನ್ನು ಗೋಡೆಗೆ ಒತ್ತಿದರೆ ಅಂಟಿಕೊಳ್ಳುವಂತೆ, ಕೆಸರಿನ ಒತ್ತಡ ಕೇಬಲ್ಲನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಆಮೇಲೆ ಬಾ ಎಂದರೆ ಬರುವುದಿಲ್ಲ.

ಆತನಿಗೆ ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಹೇಳಿದ್ದು ಇಷ್ಟೇ: "ಸುಮ್ಮನಿರೋ ಕೇಬಲ್ಲನ್ನ ನಂಬಬೇಡ. ಆಗಾಗ ಸ್ವಲ್ಪ ಸಡಿಲ ಬಿಡು, ಸ್ವಲ್ಪ ಜಗ್ಗು. ಆಡ್ತಾ ಇದ್ರೆ ಬದುಕಿದೆ, ಆಡದಿದ್ರೆ ಹಿಡ್ಕೊಂಡಿದೆ." ಜಗ್ಗಣ್ಣ ಆ ಮಾತನ್ನು ಕಿವಿಯಲ್ಲಿ ಕೇಳಿ ರಕ್ತಕ್ಕೆ ಇಳಿಸಿಕೊಂಡ. ಬೇರೆಯವರು ಒಮ್ಮೆ ಜಗ್ಗುವ ಕಡೆ ಈತ ಮೂರು ಸಲ ಜಗ್ಗುತ್ತಿದ್ದ. ಎಷ್ಟೋ ವರ್ಷ ಆತನ ಕೈಯಲ್ಲಿ ಒಂದು ಉಪಕರಣವೂ ಸಿಕ್ಕಿಕೊಂಡಿರಲಿಲ್ಲ. ಹಾಗಾಗಿ ತನ್ನ ಅನುಮಾನವೇ ತನ್ನನ್ನು ಕಾಯುವ ದೇವರು ಎಂದು ಆತ ನಂಬಿದ್ದರೆ ತಪ್ಪೇನಿಲ್ಲ.

ಇನ್ನು ಮನೆಯ ಮಾತು. ಹೆಂಡತಿ ಹೊಲಿಗೆಯವಳು. ಮುಂದಿನ ಕೋಣೆಯ ಕಿಟಕಿಯ ಕೆಳಗೆ ಅವಳ ಮಷಿನು. ಬೆಳಗಿನಿಂದ ಅದರ ಸದ್ದು ಬೀದಿಗೆ ಗಡಿಯಾರವಿದ್ದಂತೆ. ಅವಳ ತಮ್ಮನೂ ಅದೇ ಮನೆಯಲ್ಲಿದ್ದ. ತಾಯಿಯಿಲ್ಲದ ಹುಡುಗನನ್ನು ಅಕ್ಕ ಮದುವೆಯಾಗಿ ಬರುವಾಗ ಜೊತೆಗೇ ಕರೆತಂದಿದ್ದಳು. ಅವನಿಗೆ ಸೈಕಲ್ ಕಲಿಸಿದ್ದು ಜಗ್ಗಣ್ಣ, ಸ್ಪ್ಯಾನರ್ ಹಿಡಿಯಲು ಕಲಿಸಿದ್ದು ಜಗ್ಗಣ್ಣ, ಕಂಪನಿಯ ವರ್ಕ್‌ಶಾಪಿಗೆ ಸೇರಿಸಿದ್ದೂ ಜಗ್ಗಣ್ಣ. ಮಕ್ಕಳಿಲ್ಲದ ಆ ಮನೆಯಲ್ಲಿ ಭಾವಮೈದನೇ ಮಗ. ಈಗ ಅವನು ಮೂವತ್ತು ದಾಟಿದ ಮೆಕ್ಯಾನಿಕ್. ಕೇಬಲ್ಲಿನ ತುದಿಗೆ ಉಪಕರಣವನ್ನು ಜೋಡಿಸುವ ತಲೆಯ ಭಾಗವನ್ನು ಕಟ್ಟುವುದು ಅವನ ಕೆಲಸ.

ಆ ತಲೆಯೊಳಗೆ ಬೇಕೆಂದೇ ಬಲ ಕಡಿಮೆ ಇಟ್ಟು ಮಾಡಿದ ಒಂದು ಕೊಂಡಿಯಿರುತ್ತದೆ. ವೀಕ್ ಪಾಯಿಂಟ್ ಎನ್ನುತ್ತಾರೆ. ಉಪಕರಣ ಸಿಕ್ಕಿಕೊಂಡು ಏನು ಮಾಡಿದರೂ ಬರದಿದ್ದರೆ, ಗೊತ್ತುಮಾಡಿದಷ್ಟು ಬಿಗಿಗೆ ಆ ಕೊಂಡಿ ಕಡಿದು ಕೇಬಲ್ಲಾದರೂ ಪೂರ್ತಿ ಮೇಲೆ ಬರಬೇಕು. ಕೊಂಡಿ ತಪ್ಪಾಗಿ ಗಟ್ಟಿಯದಾದರೆ ಕೇಬಲ್ಲು ಎಲ್ಲೋ ಮೇಲೆಯೇ ತುಂಡಾಗಿ ರಾಶಿ ರಾಶಿಯಾಗಿ ಬಾವಿಯೊಳಗೆ ಬೀಳುತ್ತದೆ. ಆಗ ಆ ಬಾವಿಗೆ ಮಣ್ಣು ಮುಚ್ಚಿದ ಹಾಗೆಯೇ.

ಆ ವರ್ಷ ಜಗ್ಗಣ್ಣನಿಗೆ ಮನೆಯ ಗಾಳಿಯೇ ಬೇರೆಯಾದಂತೆ ಕಂಡಿತು. ಅಡುಗೆಮನೆಯಲ್ಲಿ ಅಕ್ಕ ತಮ್ಮ ಪಿಸುಗುಟ್ಟುವರು. ಈತ ಹೊಸ್ತಿಲಿಗೆ ಬಂದರೆ ಪಾತ್ರೆಗಳಷ್ಟೇ ಮಾತಾಡುವವು. ಭಾವಮೈದ ಕೆಲಸ ಮುಗಿಸಿ ನೇರ ಬರುತ್ತಿರಲಿಲ್ಲ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಕೈಯಲ್ಲೊಂದು ಹೊಸ ಬೀಗ ಹಿಡಿದು ಹೋಗುತ್ತಿದ್ದುದನ್ನು ಜಗ್ಗಣ್ಣ ಬಸ್ಸಿನ ಕಿಟಕಿಯಿಂದ ಕಂಡ.

"ನಿನ್ನೆ ಸಾಯಂಕಾಲ ಎಲ್ಲಿದ್ದೆಯೋ?"

"ವರ್ಕ್‌ಶಾಪಲ್ಲೇ ಭಾವ."

ಎಡಗಣ್ಣು ಸಣ್ಣಗಾಯಿತು.

ಅದಕ್ಕಿಂತ ಹೆಚ್ಚು ಕಾಡಿದ್ದು ಪರದೆ. ಹೆಂಡತಿ ನೀಲಿ ಬಟ್ಟೆಯಲ್ಲಿ ಕಿಟಕಿ ಪರದೆ ಹೊಲಿಯುತ್ತಿದ್ದಳು. ಯಾರದ್ದು ಎಂದರೆ, "ಗಿರಾಕಿದು." ಯಾವ ಗಿರಾಕಿ ಎಂದರೆ, "ನಿಮಗ್ಯಾಕೆ, ನೀವೇನು ಪರದೆ ಉಟ್ಕೋತೀರಾ?" ಅವಳು ನೀರಿಗೆ ಹೋದ ಸಮಯ ನೋಡಿ ಜಗ್ಗಣ್ಣ ಆ ಪರದೆಯನ್ನು ಮನೆಯ ಒಂದೊಂದು ಕಿಟಕಿಗೂ ಹಿಡಿದು ನೋಡಿದ. ಯಾವುದಕ್ಕೂ ಹೊಂದಲಿಲ್ಲ. ಎದುರು ಮನೆಯ ಅಜ್ಜಿ ಇದನ್ನೆಲ್ಲ ಕಂಡು, "ಪಾಪ, ಬಚ್ಚಲು ಕಿಟಕಿಗೂ ಹಿಡಿದ ಕಣೇ" ಎಂದು ಬೀದಿಗೆಲ್ಲ ಹೇಳಿದಳು. ನಾವು ನಕ್ಕೆವು. ಆತನಿಗೆ ನಗು ಬರುವ ಹೊತ್ತಾಗಿರಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆತನಿಗೆ ಆ ನೀಲಿ ಪರದೆಯೂ ಹಳದಿಯಾಗಿಯೇ ಕಂಡಿತು.

ಅಂಥ ದಿನಗಳಲ್ಲೇ ಆ ಬಾವಿಯ ಕೆಲಸ ಬಂದದ್ದು. ಹೊರಡುವ ಮುಂಚೆ ವರ್ಕ್‌ಶಾಪಿನಲ್ಲಿ ಭಾವಮೈದ ಕೇಬಲ್ಲಿನ ತಲೆ ಕಟ್ಟುತ್ತಿದ್ದ. ಅರ್ಧದಲ್ಲಿ ಫೋನ್ ಬಂತು; ಎದ್ದು ಹೊರಗೆ ಹೋಗಿ, ಗೋಡೆಯತ್ತ ಮುಖ ಮಾಡಿ ಮೆಲ್ಲಗೆ ಮಾತಾಡಿ ಬಂದ. ಜಗ್ಗಣ್ಣ ನೋಡುತ್ತಲೇ ಇದ್ದ.

"ಯಾವ ಕೊಂಡಿ ಹಾಕ್ದೆ?"

"ಹೇಳಿದ್ದನ್ನೇ ಭಾವ. ಸ್ಯಾಂಪಲ್ ಉಪಕರಣ ಭಾರ ಅಂತ ಲೆಕ್ಕ ಹಾಕಿ ಕೊಟ್ಟಿದಾರಲ್ಲ, ಅದನ್ನೇ."

ಲಾರಿಗೆ ಸಾಮಾನು ಏರಿಸುವಾಗ ಮತ್ತೆ: "ಯಾವುದು ಅಂದೆ?"

"ಅಯ್ಯೋ, ಅದೇ ಅಂದ್ನಲ್ಲ."

ಬಾವಿಯ ಹತ್ತಿರ ಇಳಿದ ಮೇಲೆ ಮೂರನೆಯ ಸಲ. ಭಾವಮೈದ ತಾನೇ ಕಟ್ಟಿದ ತಲೆಯತ್ತ ತಿರುಗಿ ನೋಡಿದ. "ಸರಿಯಾದ್ದೇ ಹಾಕಿರಬೇಕು" ಎಂದ.

ಹಾಕಿದೆ ಹೋಗಿ ಹಾಕಿರಬೇಕು ಆಯಿತು. ತಲೆಯನ್ನು ಬಿಚ್ಚಿ ನೋಡಲು ಸಮಯವಿರಲಿಲ್ಲ. ಉಪಕರಣ ಆಗಲೇ ಬಾವಿಯ ಬಾಯಲ್ಲಿ ನೇತಾಡುತ್ತಿತ್ತು.

ಆ ಬಾವಿಯ ಉಸ್ತುವಾರಿ ಒಬ್ಬ ಇಂಜಿನಿಯರಮ್ಮನದು. ಮೆಲುಮಾತಿನ ಹೆಂಗಸು. ಕೆಲಸ ಶುರುವಾಗುವ ಮುಂಚೆ ವಿಂಚ್ ಕ್ಯಾಬಿನ್ನಿಗೆ ಬಂದು ಹೇಳಿದಳು: "ಅಣ್ಣ, ನಡುವೆ ಒಂದು ಕಡೆ ಬಾವಿ ಬಾಗಿದೆ, ಅಲ್ಲಿ ಕಲ್ಲು ಮೆತ್ತಗಿದೆ. ಕೇಬಲ್ ಆಡಿಸೋದು ಕಡಿಮೆ ಇರಲಿ. ನಾನು ಹೇಳಿದಾಗ ಮಾತ್ರ."

"ಆಗಲಿ ಮೇಡಂ."

ಆಗಲಿ ಎಂದ ಬಾಯಿಗೂ ಕೈಗೂ ಆ ದಿನ ಜಗಳ. ಉಪಕರಣ ಗೋಡೆಗೆ ಬಾಯಿಟ್ಟು ಹೀರಲು ಕೂತಿತು. ಕೆಳಗೆ ಎಲ್ಲ ನಿಶ್ಶಬ್ದ. ಜಗ್ಗಣ್ಣ ಮುಳ್ಳನ್ನು ನೋಡುತ್ತ ಕೂತ. ಕೇಬಲ್ಲಿನ ಬಿಗಿಯನ್ನು ತೋರಿಸುವ ಮುಳ್ಳು ಅದು. ಮುಳ್ಳು ನೋಡಿದರೆ ಕೊಂಡಿ ನೆನಪಾಯಿತು. ಕೊಂಡಿ ನೆನೆದರೆ ಗೋಡೆಯತ್ತ ಮುಖ ಮಾಡಿದ ಫೋನು, ಅದರ ಹಿಂದೆ ಹೊಸ ಬೀಗ, ನೀಲಿ ಪರದೆ. ಕೊಂಡಿಯೇ ತಪ್ಪಾಗಿದ್ದರೆ, ಇಲ್ಲಿ ಹಿಡಿದುಕೊಂಡರೆ ಬಿಡಿಸಿಕೊಳ್ಳಲು ದಾರಿಯೇ ಇಲ್ಲ. ಕೈ ತಾನಾಗಿ ಹಿಡಿಕೆಗೆ ಹೋಯಿತು. ಸ್ವಲ್ಪ ಸಡಿಲ, ಸ್ವಲ್ಪ ಬಿಗಿ. ಆಡುತ್ತಿದೆ, ಸದ್ಯ. ಮತ್ತೆ ಕೂತ, ಮತ್ತೆ ಫೋನು ನೆನಪಾಯಿತು, ಮತ್ತೆ ಸಡಿಲ, ಮತ್ತೆ ಬಿಗಿ. ಇಂಜಿನಿಯರಮ್ಮ ಬೇರೆ ಕ್ಯಾಬಿನ್ನಿನಲ್ಲಿ ಎಣ್ಣೆಯ ಗುಣ ನೋಡುವುದರಲ್ಲಿ ಮುಳುಗಿದ್ದಳು. ಒಂದು ಕಡೆ ಹೀರಿಯಾಯಿತು, ಇನ್ನೊಂದು ಕಡೆ, ಮತ್ತೊಂದು ಕಡೆ. ಜಗ್ಗಣ್ಣನ ಕೈ ಮಾತ್ರ ನಿಲ್ಲಲಿಲ್ಲ.

ಎಲ್ಲ ಮುಗಿದು ಉಪಕರಣ ಗೋಡೆಯಿಂದ ಬಾಯಿ ತೆಗೆಯಿತು. "ಮೇಲೆ ತನ್ನಿ" ಎಂದಳು. ಜಗ್ಗಣ್ಣ ಎಳೆದ. ಮುಳ್ಳು ಏರಿತು, ಕೇಬಲ್ಲು ಬರಲಿಲ್ಲ.

ಸಡಿಲ ಬಿಟ್ಟ, ಎಳೆದ. ಬರಲಿಲ್ಲ. ಕಾದು ಎಳೆದರೂ ಬರಲಿಲ್ಲ. ಅಷ್ಟು ಹೊತ್ತು ಆಡಿಕೊಂಡಿದ್ದ ಕೇಬಲ್ಲು ಕಂಬದಂತೆ ನಿಂತಿತ್ತು. ಕೊನೆಗೆ ಕೊಂಡಿ ಕಡಿಯಲಿ ಎಂದೇ ಅಪ್ಪಣೆಯಾಯಿತು. ಮುಳ್ಳು ಕೊಂಡಿಯ ಗುರುತಿಗೆ ಬಂತು, ದಾಟಿತು, ಇನ್ನೂ ಏರಿತು. ಏನೂ ಕಡಿಯಲಿಲ್ಲ.

"ನಿಲ್ಲಿಸಿ!" ಇಂಜಿನಿಯರಮ್ಮ ಕೂಗಿದಳು. "ಇನ್ನು ಎಳೆದ್ರೆ ಕೇಬಲ್ಲೇ ಹೋಗುತ್ತೆ."

ಜಗ್ಗಣ್ಣ ಕ್ಯಾಬಿನ್ನಿನಿಂದ ಇಳಿದ. ಭಾವಮೈದ ಕೆಳಗೆ ನಿಂತಿದ್ದ, ಮುಖ ಬಿಳಿಚಿಕೊಂಡಿತ್ತು. ಇಡೀ ಗುಂಪಿನ ಎದುರಿಗೆ ಜಗ್ಗಣ್ಣ ಹೇಳಿದ: "ಕೊಂಡಿ ತಪ್ಪು ಹಾಕಿದಾನೆ ಮೇಡಂ. ಗಟ್ಟೀದು ಹಾಕಿದಾನೆ. ಇವನ ಗಮನ ಕೆಲಸದ ಮೇಲಿಲ್ಲ, ನಾನೇ ಕಂಡಿದೀನಿ."

"ಭಾವ..."

"ಏನು ಭಾವ? ಹಾಕಿರಬೇಕು ಅಂದೆಯಲ್ಲ, ಹಾಕಿದೀನಿ ಅನ್ನು ನೋಡೋಣ!"

ಭಾವಮೈದ ತನ್ನ ಕೈಗಳನ್ನೇ ನೋಡಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಾಗೇ ಕಂಡಿತು ಎಲ್ಲರಿಗೂ. ಉಪಕರಣ ಮೇಲೆ ಬಂದು ಕೊಂಡಿ ಕಣ್ಣಿಗೆ ಬೀಳುವವರೆಗೆ ವರ್ಕ್‌ಶಾಪಿಗೆ ಬರುವುದು ಬೇಡ ಎಂದು ಅವನಿಗೆ ಹೇಳಿ ಕಳಿಸಿದರು. ಕೊಂಡಿ ತಪ್ಪೆಂದಾದರೆ ಕೆಲಸ ಹೋದಂತೆ. ಆ ಕಸುಬಿನಲ್ಲಿ ಬೇರೆ ಯಾರೂ ಅವನನ್ನು ಕರೆಯುವಂತಿರಲಿಲ್ಲ.

ಮನೆಯಲ್ಲಿ ಹೊಲಿಗೆ ಮಷಿನು ನಿಂತಿತು. ಬೀದಿಗೆ ಬೀದಿಯೇ ಕಿವಿಯಾಯಿತು. "ನನ್ನ ತಮ್ಮನ್ನ ಊರ ಮುಂದೆ ಕಳ್ಳನ ಹಾಗೆ ನಿಲ್ಲಿಸಿದ್ರಲ್ರೀ" ಎಂದಳು ಹೆಂಡತಿ. ಒಳಗೆ ಹೋಗಿ ನೀಲಿ ಪರದೆ ತಂದು ಗಂಡನ ತೊಡೆಯ ಮೇಲೆ ಎಸೆದಳು. "ಇದೇ ತಾನೇ ನಿಮ್ಮ ನಿದ್ದೆ ಕೆಡಿಸಿದ್ದು? ನೋಡ್ಕೊಳ್ಳಿ. ಅವನು ಬೇರೆ ಕೋಣೆ ಹಿಡಿದಿದಾನೆ. ಆ ಕಿಟಕಿಗೆ ಇದು."

"ಬೇರೆ ಕೋಣೇನಾ? ಯಾಕೆ?"

"ಯಾಕೆ ಅಂತ ಬೇರೆ ಕೇಳ್ತೀರಾ! ದಿನಾ ಮೂರು ಸಲ ಲೆಕ್ಕ ಒಪ್ಪಿಸಿ ಸಾಕಾಗಿದೆ ಅವನಿಗೆ. ನಿಮಗೆ ಹೇಳೋಕೆ ಧೈರ್ಯ ಸಾಲದೆ ನಾವಿಬ್ರೂ ಅಡುಗೆಮನೇಲಿ ಇಲಿಗಳ ಹಾಗೆ ಮಾತಾಡ್ತಿದ್ವಿ."

ಭಾವಮೈದ ಚೀಲ ಹೆಗಲಿಗೇರಿಸಿಕೊಂಡು, ಪರದೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದ. ಜಗ್ಗಣ್ಣ ತಡೆಯಲಿಲ್ಲ. ಕೋಣೆಯ ಮಾತು ನಿಜವಿರಬಹುದು, ಆದರೆ ಕೊಂಡಿ? ಒಂದು ಸುಳ್ಳು ಹೇಳಿದವನು ಇನ್ನೊಂದು ಹೇಳಲಾರನೇ? ಎಡಗಣ್ಣು ಇನ್ನೂ ಸಣ್ಣಗೇ ಇತ್ತು.

ಇತ್ತ ಬಾವಿಯಲ್ಲಿ ಸಿಕ್ಕಿದ್ದನ್ನು ಬಿಡಿಸುವ ಕೆಲಸ. ಎಳೆದು ಬರದ್ದನ್ನು ತರಲು ಒಂದು ದಾರಿಯಿದೆ. ಕೇಬಲ್ಲನ್ನು ಬಾವಿಯ ಬಾಯಲ್ಲಿ ಭದ್ರವಾಗಿ ಹಿಡಿದು ಕತ್ತರಿಸಬೇಕು. ಆಮೇಲೆ ದಾರಕ್ಕೆ ಮಣಿ ಪೋಣಿಸಿದಂತೆ ಉಕ್ಕಿನ ಕೊಳವೆಗಳನ್ನು ಒಂದರ ಹಿಂದೊಂದು ಕೇಬಲ್ಲಿಗೆ ಪೋಣಿಸುತ್ತ, ಕೇಬಲ್ಲೇ ತೋರಿಸಿದ ದಾರಿಯಲ್ಲಿ ಕೆಳಗಿಳಿದು ಉಪಕರಣದ ತಲೆಯನ್ನು ಕವಚಿ ಹಿಡಿಯಬೇಕು. ಹಿಡಿದಾದ ಮೇಲೆ ಕತ್ತರಿಸಿದ ತುದಿಗಳನ್ನು ಮತ್ತೆ ಜೋಡಿಸಿ, ಕೇಬಲ್ಲನ್ನು ಎಳೆದು ಕೊಂಡಿ ಕಡಿಸಿ ಬಿಡಿಸಿಕೊಳ್ಳುವುದು. ಉಪಕರಣ ಕೊಳವೆಯ ಜೊತೆ ಮೇಲೆ ಬರುತ್ತದೆ. ಬೇಸರದ ಕೆಲಸ, ಅವಸರ ಒಂದಿಷ್ಟೂ ಕೂಡದು.

ಕೊಳವೆ ಬಾವಿಯ ಬಾಗನ್ನು ದಾಟಿ ಇಳಿದು ಉಪಕರಣವನ್ನು ಹಿಡಿಯಿತು. ವಿಂಚಿನ ಮೇಲೆ ಜಗ್ಗಣ್ಣನೇ ಇದ್ದ. ಕೊಂಡಿ ಗಟ್ಟಿಯದೆಂದೇ ನಂಬಿದವನು, ಈಗ ಕೇಬಲ್ಲು ಎಲ್ಲಿ ಕಡಿದೀತೋ ಎಂದು ಹಲ್ಲು ಕಚ್ಚಿ ಎಳೆದ. ಮುಳ್ಳು ಏರಿತು. ಕೊಂಡಿಯ ಗುರುತಿಗೆ ಬಂದು ನಿಂತಿತು.

ಟಪ್.

ಕೂದಲೆಳೆಯಷ್ಟೂ ಆಚೆಯಿಲ್ಲ, ಈಚೆಯಿಲ್ಲ. ಎಲ್ಲಿ ಕಡಿಯಬೇಕಿತ್ತೋ ಅಲ್ಲೇ ಕಡಿಯಿತು.

ಜಗ್ಗಣ್ಣ ಮುಳ್ಳನ್ನೇ ನೋಡುತ್ತ ಕೂತ. ಆತನ ಬೆನ್ನ ಹಿಂದೆ ಇಂಜಿನಿಯರಮ್ಮ ಬಂದು ನಿಂತಿದ್ದಳು. ಕೇಬಲ್ಲು ಡ್ರಮ್ಮಿಗೆ ಸುತ್ತಿಕೊಳ್ಳುತ್ತ ಬಂತು. ಬಾಗಿನ ಜಾಗದ ಕೇಬಲ್ಲು ಬಂದಾಗ ಅವಳು ಕೈ ಎತ್ತಿ ನಿಲ್ಲಿಸಿದಳು. ಅಷ್ಟುದ್ದ ಒಂದೇ ಮಗ್ಗುಲು ಕನ್ನಡಿಯಂತೆ ಉಜ್ಜಿಹೋಗಿತ್ತು. ಎಳೆಗಳ ಸಂದಿಯಲ್ಲಿ ಬೂದು ಬಣ್ಣದ ಮೆತ್ತನೆ ಕಲ್ಲು ತುರುಕಿಕೊಂಡಿತ್ತು.

"ಅಣ್ಣ, ಎಷ್ಟು ಸಲ ಆಡಿಸಿದ್ರಿ?"

ಜಗ್ಗಣ್ಣ ಸುಳ್ಳು ಹೇಳಲಿಲ್ಲ. "ಲೆಕ್ಕ ಇಟ್ಟಿಲ್ಲ ಮೇಡಂ."

ಹಳೆಯ ಬಾವಿಕಟ್ಟೆಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಗ್ಗ ಉಜ್ಜಿ ಉಜ್ಜಿ ಕಲ್ಲಿನ ಅಂಚಿನಲ್ಲಿ ಬೆರಳು ಹೂತುಹೋಗುವಷ್ಟು ಗೀರು ಬಿದ್ದಿರುತ್ತದೆ. ಭೂಮಿಯೊಳಗೂ ಅದೇ ಆಗಿತ್ತು. ಕೇಬಲ್ಲು ಹಿಡಿದುಕೊಂಡೀತು ಎಂದು ಜಗ್ಗಿ ಜಗ್ಗಿ ನೋಡಿದ ಕೈಯೇ ಮೆತ್ತನೆ ಗೋಡೆಯನ್ನು ಗರಗಸದಂತೆ ಕೊಯ್ದು ಗೀರು ಮಾಡಿತ್ತು. ಆ ಗೀರಿನಲ್ಲಿ ಕೇಬಲ್ಲು ಹೂತುಹೋಗಿ ಬಿಗಿಯಾಗಿ ಕೂತಿತ್ತು. ಮೇಲಿಂದ ಎಷ್ಟೇ ಎಳೆದರೂ ಆ ಬಲವೆಲ್ಲ ಗೀರಿನಲ್ಲೇ ಮುಗಿದುಹೋಗುತ್ತಿತ್ತು. ಕೆಳಗಿನ ಕೊಂಡಿಗೆ ಅದು ಮುಟ್ಟಿಯೇ ಇರಲಿಲ್ಲ. ಮುಟ್ಟದ್ದು ಕಡಿಯುವುದಾದರೂ ಹೇಗೆ? ಕೊಳವೆ ಇಳಿಯುತ್ತ ಕೇಬಲ್ಲನ್ನು ಗೀರಿನಿಂದ ಬಿಡಿಸಿದ ಮೇಲೆಯೇ ಬಲ ಕೊಂಡಿಗೆ ಮುಟ್ಟಿದ್ದು.

ಜಗ್ಗಣ್ಣ ಇಳಿದು, ಅದೇ ಗುಂಪಿನ ಎದುರಿಗೆ ನಿಂತ. "ಕೊಂಡಿ ಸರಿ ಇತ್ತು. ಹಾಕಿದವನೂ ಸರಿ ಇದ್ದ. ಕೆಡಿಸಿದ್ದು ನಾನು" ಎಂದ. ಯಾರೋ ಕೆಮ್ಮಿದರು. ಭಾವಮೈದನನ್ನು ಮರುದಿನವೇ ಕೆಲಸಕ್ಕೆ ಕರೆದರು. ಜಗ್ಗಣ್ಣನನ್ನು ಸ್ವಲ್ಪ ಕಾಲ ವಿಂಚಿನಿಂದ ಇಳಿಸಿ ಗೋದಾಮಿಗೆ ಹಾಕಿದರು. ಅದಕ್ಕೆ ಆತ ಚಕಾರವೆತ್ತಲಿಲ್ಲ.

ಆದರೆ ಭಾವಮೈದ ಮನೆಯತ್ತ ತಲೆ ಹಾಕಲಿಲ್ಲ. ಜಗ್ಗಣ್ಣ ಫೋನ್ ಮಾಡಿದ. "ಬರ್ತೀಯಾ?" "ನೋಡೋಣ." ಮತ್ತೆ ಮಾಡಿದ. "ಯಾವತ್ತು?" "ಹೇಳ್ತೀನಿ." ಮತ್ತೆ ಮಾಡಿದ. ಭಾವಮೈದ ಎತ್ತುವುದನ್ನೇ ಬಿಟ್ಟ. ಜಗ್ಗಣ್ಣ ಫೋನು ಹಿಡಿದು ಅಂಗಳದಲ್ಲಿ ಸುತ್ತುವುದನ್ನು ನೋಡಿ ನೋಡಿ ಹೆಂಡತಿ ಮಷಿನು ನಿಲ್ಲಿಸಿ ಹೇಳಿದಳು:

"ಅಲ್ಲಾರೀ, ಹೊಲಿಗೆ ಬಿಟ್ಟಿದ್ಯಾ ಅಂತ ಜಗ್ಗಿ ಜಗ್ಗಿ ನೋಡಿದ್ರೆ ಬಿಡದೇ ಇರೋ ಹೊಲಿಗೇನೂ ಬಿಡುತ್ತೆ. ಆ ಬಾವೀಲಿ ಸಿಕ್ಕಿದ್ದನ್ನ ಹೇಗೆ ತಂದ್ರಿ? ಎಳೆದು ತಂದ್ರಾ?"

ಜಗ್ಗಣ್ಣ ನಿಂತ.

"ಇಳಿದು ಹೋಗಿ ತಂದ್ರಿ ತಾನೇ? ಹಾಗಿದ್ರೆ ಹೋಗಿ. ಕಾಲಿಗೇನು ಬೀಗ ಹಾಕಿದಾರಾ?"

ಮಾರುಕಟ್ಟೆಯ ಹಿಂದಿನ ಓಣಿ, ಒಂಟಿ ಮೆಟ್ಟಿಲು, ಮೇಲೊಂದು ಕೋಣೆ. ಬಾಗಿಲಲ್ಲಿ ಆ ಹೊಸ ಬೀಗ ನೇತಾಡುತ್ತಿತ್ತು. ಭಾವಮೈದ ಬಾಗಿಲು ತೆಗೆದು ಪಕ್ಕಕ್ಕೆ ಸರಿದ. ಜಗ್ಗಣ್ಣ ಕುರ್ಚಿಯ ಬೆನ್ನು ಮುಟ್ಟದೆ ಕೂತ. ಕಿಟಕಿಗೆ ನೀಲಿ ಪರದೆ ಅಳತೆ ತೆಗೆದಂತೆ ಕೂತಿತ್ತು.

"ತಪ್ಪು ನಂದು ಕಣೋ" ಎಂದ. "ಗೀರು ನಾನೇ ಕೊಯ್ದಿದ್ದು. ಬಾವೀಲೂ, ಇಲ್ಲೂ."

ಭಾವಮೈದ ಚಹಾಕ್ಕೆ ನೀರಿಡುತ್ತ ಹೇಳಿದ: "ಭಾವ, ಮೊದಲ್ನೇ ಸಲ ಕೇಳಿದಾಗ ನಿಜ ಹೇಳಿದೆ. ಎರಡ್ನೇ ಸಲ ಕೇಳಿದಾಗ ಬೇಜಾರಾಯ್ತು. ಮೂರ್ನೇ ಸಲ ಕೇಳೋ ಹೊತ್ತಿಗೆ ನನಗೇ ಅನುಮಾನ ಬಂತು, ಹಾಕಿದ್ನೋ ಇಲ್ವೋ ಅಂತ. ಕಟ್ಟಿದ ಕೈನೇ ನಂಬದ ಹಾಗಾಯ್ತು ನಂಗೆ. ಅದು ನೋವು."

ಚಹಾ ಬಂತು, ಜಗ್ಗಣ್ಣ ಕುಡಿದ. ಎದ್ದು ಹೊರಡುವಾಗ, ಮನೆಗೆ ಬರ್ತೀಯಾ ಎಂಬ ಮಾತು ಗಂಟಲಿಗೆ ಬಂದದ್ದನ್ನು ನುಂಗಿಕೊಂಡು ಮೆಟ್ಟಿಲಿಳಿದ. ಮುಂದಿನ ವಾರ ಮತ್ತೆ ಹೋದ. ಹೀಗೇ ಹೋಗುತ್ತ, ಏನೂ ಕೇಳದೆ ಕೂತು ಬರುತ್ತಿದ್ದ. ಮಳೆ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಭಾವಮೈದನೇ ಅಕ್ಕನ ಮನೆಯ ಗೇಟು ತಳ್ಳಿಕೊಂಡು ಒಳಗೆ ಬಂದ. ಇರಲು ಬರಲಿಲ್ಲ, ಹೋಗಿಬರಲು ಬಂದ. ಕೋಣೆಯನ್ನು ಅವನು ಬಿಡಲೇ ಇಲ್ಲ. ಕೊಯ್ದ ಗೀರು ಮುಚ್ಚುವುದಿಲ್ಲ. ಮತ್ತೆ ಅದರೊಳಗೆ ಬೀಳದಂತೆ ನಡೆಯಬಹುದು, ಅಷ್ಟೇ.

ಜಗ್ಗಣ್ಣ ಪೂರ್ತಿ ಬದಲಾದ ಎಂದು ಹೇಳಿದರೆ ಎದುರು ಮನೆಯ ಅಜ್ಜಿ ನಗುತ್ತಾಳೆ. ಗೇಟು ಜಗ್ಗುವುದು ನಿಲ್ಲಲಿಲ್ಲ. ವಿಂಚಿಗೆ ಮರಳಿದ ಮೇಲೆ ಮಾತ್ರ ಪ್ರತಿ ಬಾವಿಗೂ ಮುಂಚೆ ಇಂಜಿನಿಯರಮ್ಮನನ್ನು ಕೇಳುತ್ತಿದ್ದನಂತೆ: "ಕಲ್ಲು ಗಟ್ಟಿಯೋ ಮೆತ್ತಗೋ ಮೇಡಂ?" ಮೆತ್ತಗೆ ಎಂದರೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂರುವನು. ಜೊತೆಯವರು ನಕ್ಕರೆ, "ನಗ್ರಪ್ಪ, ಕಳ್ಳ ಕೈಗಳು ಇವು, ನಂಬೋಕಾಗಲ್ಲ" ಎನ್ನುವನು.

ಕೆಲಸದಿಂದ ನಿವೃತ್ತನಾದ ಮೇಲೆ ಕಂಪನಿಯ ಮನೆ ಬಿಡಬೇಕಾಯಿತು. ಆ ದಿನ ಬೆಳಿಗ್ಗೆ ಲಾರಿ ತಂದದ್ದು ಭಾವಮೈದ. ಹೊಲಿಗೆ ಮಷಿನನ್ನು ಕಂಬಳಿ ಸುತ್ತಿ ಏರಿಸಿ, ಮಂಚ, ಕುರ್ಚಿ, ಪಾತ್ರೆಯ ಗೋಣಿಗಳೆಲ್ಲದರ ಮೇಲೆ ಹಗ್ಗ ಹಾಯಿಸಿ ಗಂಟು ಹಾಕಿದ. ಬೀದಿಯವರೆಲ್ಲ ಬಾಗಿಲಿಗೆ ಬಂದಿದ್ದೆವು. ಹೆಂಡತಿ ಖಾಲಿ ಮನೆಯನ್ನು ಒಮ್ಮೆ ಸುತ್ತಿ ಬಂದು ಕಣ್ಣೊರೆಸಿಕೊಂಡು ಬೀಗ ಹಾಕಿದಳು. ಜಗ್ಗಣ್ಣ ಮೆಟ್ಟಿಲಿಳಿದು, ಗೇಟು ಹಾಕಿ, ಲಾರಿಯ ಹಿಂದೆ ಬಂದು ನಿಂತ. ಕಣ್ಣು ಹಗ್ಗದ ಗಂಟಿನ ಮೇಲಿತ್ತು.

"ಗಂಟು ಬಿಗಿ ಇದೆ ಭಾವ" ಎಂದ ಭಾವಮೈದ. ತಡೆದು, ನಗುತ್ತ ಸೇರಿಸಿದ: "ಪರವಾಗಿಲ್ಲ, ಜಗ್ಗಿ ನೋಡಿ."

ಜಗ್ಗಣ್ಣ ಕೈ ಚಾಚಿ ಹಗ್ಗವನ್ನು ಒಮ್ಮೆ ಜಗ್ಗಿದ. ಒಂದೇ ಸಲ.

"ಅಯ್ಯೋ, ಇನ್ನೆರಡು ಬಾಕಿ ಐತಲ್ಲೋ!" ಎಂದು ಅಜ್ಜಿ ಕೂಗಿದಳು.

"ಸಾಕಜ್ಜಿ, ಕಟ್ಟಿದೋನು ನಮ್ಮ ಹುಡುಗ" ಎಂದ ಜಗ್ಗಣ್ಣ. ಮುಂದಿನ ಸೀಟಿಗೆ ಹತ್ತಿ ಹೆಂಡತಿಯ ಪಕ್ಕ ಕೂತ. ಲಾರಿ ತಿರುವಿನವರೆಗೆ ಹೋಗುವುದನ್ನು ನೋಡಿದೆವು. ಗೇಟಿನ ಚಿಲಕವನ್ನು ಆತ ಆ ದಿನ ಜಗ್ಗಿರಲಿಲ್ಲ. ಲಾರಿ ಕಣ್ಮರೆಯಾದ ಮೇಲೆ ಅಜ್ಜಿಯೇ ಹೋಗಿ ಜಗ್ಗಿ ನೋಡಿ ಬಂದಳು.